ನೀಲಿಯಲ್ಲಿ ಆಳ ನೋಡು

ಬಣ್ಣದ ಮಿಲ್ಲಿನ ಶೇಡ್ ರೂಮಿಗೆ ಹೋಗುವವರು ಬೂದು ಬಟ್ಟೆಯನ್ನೇ ತೊಡಬೇಕು. ಕೆಂಪು ಅಂಗಿ ತೊಟ್ಟು ನಿಂತರೆ ಆ ಕೆಂಪಿನ ಒಂದಂಶ ಮೇಜಿನ ಮೇಲಿನ ಬಟ್ಟೆಗೆ ಬಿದ್ದು ಕಣ್ಣಿಗೆ ಮೋಸವಾಗುತ್ತದೆ. ಆ ಕೋಣೆಯ ಗೋಡೆಗಳು ಬೂದು, ಮೇಜು ಬೂದು, ಕುರ್ಚಿಯೂ ಬೂದು. ಬಿಸಿಲು ನೇರವಾಗಿ ಬೀಳದಂತೆ ಉತ್ತರಕ್ಕೊಂದು ದೊಡ್ಡ ಕಿಟಕಿ. ಅಲ್ಲಿ ಕೂತು, ಬಣ್ಣದ ತೊಟ್ಟಿಯಿಂದ ಎದ್ದು ಬಂದ ಬಟ್ಟೆಯ ತುಂಡನ್ನು ಗಿರಾಕಿ ಕಳಿಸಿದ ಮಾದರಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಬಣ್ಣವೋ ಅಲ್ಲವೋ ಎಂದು ಹೇಳುವುದು ಅವಳ ಅಪ್ಪನ ಕೆಲಸ. ಅವನು ಹೌದೆಂದರೆ ಒಟ್ಟಿಗೆ ಬಣ್ಣ ಹಾಕಿದ ಬಟ್ಟೆಯ ಇಡೀ ಲಾಟು ಪ್ಯಾಕಿಂಗಿಗೆ ಹೋಗುತ್ತದೆ, ಅಲ್ಲವೆಂದರೆ ಮರಳಿ ತೊಟ್ಟಿಗೆ. ಮಿಲ್ಲಿನಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ದಿನವೂ ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿಗೇ ಬರುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಅದೇ ಅಭ್ಯಾಸ. ಹಾಗಾಗಿ ಅವಳಿಗೆ ಹೊಲಿಸಿದ ಬಟ್ಟೆಯೆಲ್ಲ ಬೂದು. ಶಾಲೆಯ ಮಕ್ಕಳು ಅವಳಿಗೆ ಬೂದಿ ಎಂದು ಹೆಸರಿಟ್ಟರು. ಆ ಹೆಸರು ಮಿಲ್ಲಿನವರೆಗೂ ಬಂತು. ಅಲ್ಲಿ ಮೊದಲು ಅವಳನ್ನು ಹಾಗೆ ಕರೆದವನು ಉಗುರು ಮಾಮ. ತೊಟ್ಟಿಗಳನ್ನು ನೋಡಿಕೊಳ್ಳುವ ಅವನ ಉಗುರುಗಳಲ್ಲಿ ಆಯಾ ದಿನದ ಲಾಟಿನ ಬಣ್ಣ ಕೂತಿರುತ್ತಿತ್ತು. ಆದ್ದರಿಂದ ಆ ಹೆಸರು. ಮದುವೆಯ ದಿನ ತನ್ನ ಕೈ ಹಸಿರಾಗಿತ್ತು, ಹುಡುಗಿಯ ಕಡೆಯವರು ಏನೋ ರೋಗ ಅಂದುಕೊಂಡರು ಎಂದು ಅವನು ತಾನೇ ಹೇಳಿ ನಗುತ್ತಿದ್ದ.

"ನೂಲಿನಂತೆ ಸೀರೆ ಅಂತಾರೆ," ಎನ್ನುತ್ತಿದ್ದ ಅವನು, ತುಂಡುಗಳ ಬುಟ್ಟಿಯನ್ನು ಬಾಗಿಲಲ್ಲಿಟ್ಟು. ಅವನ ಬಟ್ಟೆಯೆಲ್ಲ ಕಲೆಯಾದ್ದರಿಂದ ಒಳಗೆ ಬರುವಂತಿರಲಿಲ್ಲ. "ಇಲ್ಲಿ ಅಪ್ಪನಂತೆ ಮಗಳು. ಅಪ್ಪನ ಕಣ್ಣೇ ಕಿತ್ತು ಇಟ್ಟ ಹಾಗಿದೆ ಈ ಬೂದಿಗೆ."

ಅಪ್ಪ ಅವಳಿಗೆ ಕಲಿಸಿದ್ದು ಕ್ರಮವಾಗಿ. ಮೊದಲು ಕೆಂಪು. ಕೆಂಪನ್ನು ನೋಡಿದಾಗ ಅದು ಕಿತ್ತಳೆಯ ಕಡೆ ಹೊರಳಿದೆಯೋ ಗುಲಾಬಿಯ ಕಡೆಯೋ ಎಂದು ಮೊದಲು ಕೇಳಿಕೋ. ಗಾಢವೋ ತಿಳಿಯೋ ಎಂಬುದು ಆಮೇಲಿನ ಮಾತು. ಕಂದು ಬಣ್ಣಕ್ಕೂ ಹೀಗೆಯೇ. ಒಂದನ್ನು ದಿಟ್ಟಿಸಿದ ಮೇಲೆ ಇನ್ನೊಂದಕ್ಕೆ ಹೋಗುವ ಮುಂಚೆ ಗೋಡೆಯ ಬೂದು ನೋಡಿ ಕಣ್ಣು ತೊಳೆದುಕೋ. ಇವೆಲ್ಲ ಅವಳಿಗೆ ಬೇಗ ಬಂದವು. ನೀಲಿಯ ಪಾಠ ಕೊನೆಗೆ ಬಂತು, ಮತ್ತು ಅದು ಉಳಿದ ಪಾಠಗಳ ಹಾಗಿರಲಿಲ್ಲ.

"ನೀಲಿಯಲ್ಲಿ ಬಣ್ಣ ನೋಡಬೇಡ, ಆಳ ನೋಡು," ಎಂದಿದ್ದ ಅಪ್ಪ. "ಹಸಿರಿಗೆ ವಾಲಿದೆ, ನೇರಳೆಗೆ ವಾಲಿದೆ ಅಂತ ಅನ್ನಿಸ್ತಾ ಇರುತ್ತೆ. ಅದೆಲ್ಲ ಬೆಳಕಿನ ಆಟ. ಎಷ್ಟು ಗಾಢ, ಎಷ್ಟು ತಿಳಿ, ಅಷ್ಟೇ ನೋಡು. ಆಳ ಸುಳ್ಳು ಹೇಳಲ್ಲ."

ಮೊದಮೊದಲು ಅವಳು, ಇದು ಸ್ವಲ್ಪ ಹಸಿರು ಕಾಣುತ್ತದಲ್ಲಪ್ಪಾ ಎಂದದ್ದುಂಟು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಹುಡುಗರ ಕಣ್ಣಿಗೆ ಕಂಡದ್ದೆಲ್ಲ ಹಸಿರು ಎಂದು ಅಪ್ಪ ನಕ್ಕುಬಿಟ್ಟ. ಅವಳು ಹೇಳುವುದನ್ನು ಬಿಟ್ಟಳು. ಕಾಲ ಕಳೆದಂತೆ ನೀಲಿ ಬಂದಾಗ ತಾನಾಗಿಯೇ ಕಣ್ಣು ಕಿರಿದು ಮಾಡಿ, ಬಣ್ಣವನ್ನು ಬದಿಗಿಟ್ಟು, ಗಾಢ ಎಷ್ಟೆಂದು ಮಾತ್ರ ಅಳೆಯುವುದು ರೂಢಿಯಾಯಿತು. ಆದರೆ ಕೆಲವು ನೀಲಿ ಲಾಟುಗಳ ಮುಂದೆ ಅಪ್ಪ ಬಹಳ ಹೊತ್ತು ಕೂರುತ್ತಿದ್ದ. ತುಂಡನ್ನು ಕಿಟಕಿಗೆ ಹಿಡಿಯುತ್ತಿದ್ದ, ಮೇಜಿಗಿಡುತ್ತಿದ್ದ, ಮತ್ತೆ ಕಿಟಕಿಗೆ. ಕೊನೆಗೆ ಅವಳ ಕಡೆ ತಿರುಗದೆಯೇ, ನೀನೇನಂತೀಯ ಎಂದು ಕೇಳುತ್ತಿದ್ದ. ಅವಳು ಕೆಲವೊಮ್ಮೆ ಸರಿಯಿದೆ ಎನ್ನುತ್ತಿದ್ದಳು. ಕೆಲವೊಮ್ಮೆ, ಏನೋ ಒಗ್ಗಿಲ್ಲಪ್ಪ ಎನ್ನುತ್ತಿದ್ದಳು; ಏನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಪ್ಪ ಕೇಳುತ್ತಲೂ ಇರಲಿಲ್ಲ. ಒಗ್ಗಿಲ್ಲ ಎಂದದ್ದನ್ನು ಸುಮ್ಮನೆ ತೊಟ್ಟಿಗೆ ವಾಪಸು ಕಳಿಸುತ್ತಿದ್ದ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು.

ಕಾಲೇಜಿನಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಅವಳ ಜೊತೆಯವರಿಗೆಲ್ಲ ತಲೆನೋವಾಗಿದ್ದಾಗ ಅವಳಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಶಾಲೆಯ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಕೂರಿಸಿ, ನಿಮ್ಮ ಕೈಗೆ ಈಗಾಗಲೇ ಏನು ಬರುತ್ತದೆ, ಅದಕ್ಕೆ ಒತ್ತಾಸೆಯಾಗುವ ವಿದ್ಯೆ ಯಾವುದು ಎಂದು ಯೋಚಿಸಿ ಎಂದು ಹೇಳುತ್ತಿದ್ದರು. ಸೈಕಲ್ ರಿಪೇರಿಯವನ ಮಗನಿಗೆ ಯಂತ್ರ, ಹರಟೆಯಲ್ಲಿ ಮೊದಲನೆಯವನಿಗೆ ಕಾನೂನು. ಇವಳ ಸರದಿ ಬಂದಾಗ ಮೇಷ್ಟ್ರು ಎರಡು ಮಾತಿನಲ್ಲಿ ಮುಗಿಸಿದರು. ಬಟ್ಟೆಯ ಬಣ್ಣದ ತಂತ್ರಜ್ಞಾನ ಎಂಬ ವಿಭಾಗ ಈ ಊರಿನ ಕಾಲೇಜಿನಲ್ಲೇ ಇದೆ. ಬೇರೆಯವರು ನಾಲ್ಕು ವರ್ಷ ಕಲಿತರೂ ಬರದ ಕಣ್ಣು ನಿನಗೆ ಮನೆಯಲ್ಲೇ ಬಂದಿದೆ. ಅದರ ಹಿಂದಿನ ರಸಾಯನವನ್ನೂ ಲೆಕ್ಕವನ್ನೂ ಅವರು ಕಲಿಸುತ್ತಾರೆ. ಅಷ್ಟೇ.

ಅವಳಿಗೆ ಬೇಕಾಗಿದ್ದದ್ದೂ ಅದೇ. ಒಂದು ಸಂಗತಿ ಅವಳನ್ನು ಬಹಳ ದಿನದಿಂದ ಕಾಡುತ್ತಿತ್ತು. ಶೇಡ್ ರೂಮಿನ ಕಿಟಕಿಯಲ್ಲಿ ಒಂದೇ ಎನ್ನಿಸಿದ ಎರಡು ತುಂಡುಗಳು ಮನೆಯ ದೀಪದ ಕೆಳಗೆ ಬೇರೆ ಬೇರೆಯಾಗುತ್ತಿದ್ದವು. ಯಾಕೆ ಎಂದು ಅಪ್ಪನನ್ನು ಕೇಳಿದರೆ, ಅದು ಹಾಗೇ ಎನ್ನುತ್ತಿದ್ದ. ಹಾಗೇ ಎನ್ನುವುದು ಉತ್ತರವಲ್ಲವೆಂದು ಅವಳಿಗೆ ಗೊತ್ತಿತ್ತು. ಉತ್ತರ ಇರುವ ಒಂದು ಕಟ್ಟಡ ಇದೆ, ಅಲ್ಲಿ ವಿದ್ಯಾರ್ಥಿಗಳೆಲ್ಲ ಬೂದು ಕೋಟು ತೊಡುತ್ತಾರೆ ಎಂದು ಕೇಳಿದಾಗ, ತನ್ನ ಅಡ್ಡಹೆಸರು ಅಲ್ಲಿ ಯಾರಿಗೂ ಹೊಳೆಯಲಾರದು ಎಂದುಕೊಂಡು ಅವಳಿಗೆ ನಗು ಬಂದಿತ್ತು.

ಅರ್ಜಿಯಲ್ಲಿ ಎರಡನೆಯ ಆಯ್ಕೆಯನ್ನೂ ಬರೆಯಬೇಕಿತ್ತು. ಅವಳು ಖಾಲಿ ಬಿಟ್ಟಿದ್ದಳು. ಖಾಲಿ ಬಿಡಬಾರದು, ಏನಾದರೂ ಗೀಚು ಎಂದು ಅಮ್ಮ ಒತ್ತಾಯ ಮಾಡಿದ ಮೇಲೆ ಸಮಾಜಶಾಸ್ತ್ರ ಎಂದು ಬರೆದಳು. ಅಲ್ಲಿ ಸೀಟು ಯಾವಾಗಲೂ ಉಳಿದಿರುತ್ತದೆ ಎಂದು ಯಾರೋ ಹೇಳಿದ್ದರು. "ಎಲ್ಲೂ ಸಲ್ಲದವರನ್ನು ಸಮಾಜ ಕೈಬಿಡಲ್ಲ ಬಿಡು," ಎಂದಳು ಅಮ್ಮ. ಆ ದಿನ ಅದು ತಮಾಷೆಯಾಗಿತ್ತು. ಅಮ್ಮ ಆಗ ಅಪ್ಪನ ಚಹಾವನ್ನು ಬೇರೆ ಪಾತ್ರೆಯಲ್ಲಿ ಸಕ್ಕರೆಯಿಲ್ಲದೆ ಕುದಿಸುತ್ತಿದ್ದಳು. ಅಪ್ಪನ ಸಕ್ಕರೆ ಕಾಯಿಲೆ ಆ ಮನೆಯಲ್ಲಿ ಹಳೆಯ ನೆಂಟನಂತೆ. ಬಂದಿದೆ, ಹೋಗುವುದಿಲ್ಲ, ಅದಕ್ಕೂ ಒಂದು ಪಾತ್ರೆ ಇಡಬೇಕು.

ಆ ವಿಭಾಗಕ್ಕೆ ಸೇರಿಸಿಕೊಳ್ಳುವಾಗ ಕಣ್ಣಿನ ಪರೀಕ್ಷೆ ಮಾಡುತ್ತಾರೆ. ಅದು ಒಬ್ಬರಿಗೆ ಒಂದೇ ಸಲ. ಬಿದ್ದವರಿಗೆ ಮತ್ತೊಂದು ಅವಕಾಶ ಕೊಟ್ಟರೆ ಕ್ರಮವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಆಗ ಪರೀಕ್ಷೆಗೆ ಅರ್ಥವಿರುವುದಿಲ್ಲ ಎಂಬುದು ಕಾರಣ. ಇನ್ನೊಂದು ಏರ್ಪಾಡೂ ಇತ್ತು. ಮಿಲ್ಲಿನವರು ವರ್ಷಕ್ಕೆ ತಮ್ಮ ಕೆಲಸಗಾರರ ಮಕ್ಕಳಲ್ಲಿ ಒಬ್ಬರ ಓದನ್ನು ಪೂರ್ತಿ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಸಂದರ್ಶನದ ದಿನ ಮಿಲ್ಲಿನ ಮ್ಯಾನೇಜರು ಕಾಲೇಜಿಗೆ ಬಂದು ಕೂರುತ್ತಿದ್ದರು.

ಸಂದರ್ಶನದ ದಿನ ಅಪ್ಪ ಅವಳನ್ನು ಕಾಲೇಜಿನ ಗೇಟಿನವರೆಗೆ ಬಿಟ್ಟು ಕೆಲಸಕ್ಕೆ ಹೋದ. ಪರೀಕ್ಷೆ ನಡೆಸಿದವರು ಆ ವಿಭಾಗದ ಮೇಡಂ, ನಡುವಯಸ್ಸಿನವರು, ಮೆದು ಮಾತು. ಮೇಜಿನ ಮೇಲೆ ನಾಲ್ಕು ಉದ್ದನೆಯ ಮರದ ತಟ್ಟೆಗಳಿದ್ದವು. ಒಂದೊಂದರಲ್ಲೂ ಗುಂಡಗಿನ ಚಿಕ್ಕ ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ಬಣ್ಣ. ತಟ್ಟೆಯ ಎರಡು ತುದಿಯ ಬಿಲ್ಲೆಗಳನ್ನು ಅಂಟಿಸಿಬಿಟ್ಟಿದ್ದರು. ನಡುವಿನವನ್ನು ಕಲಸಿ ಕೊಟ್ಟು, ಒಂದು ತುದಿಯಿಂದ ಇನ್ನೊಂದಕ್ಕೆ ಬಣ್ಣ ಮೆಲ್ಲಗೆ ಬದಲಾಗುತ್ತ ಹೋಗುವಂತೆ ಜೋಡಿಸು ಎಂದರು.

ಕೆಂಪಿನ ತಟ್ಟೆಯನ್ನು ಅವಳು ಸರಾಗವಾಗಿ ಮುಗಿಸಿದಳು. ಹಳದಿಯಿಂದ ಹಸಿರಿಗೆ ಹೋಗುವುದನ್ನೂ. ಮ್ಯಾನೇಜರು ಮೇಡಂ ಕಡೆ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದರು. ಆಮೇಲೆ ಹಸಿರಿನಿಂದ ನೀಲಿಗೆ ಹೋಗುವ ತಟ್ಟೆ ಬಂತು. ಅವಳು ಅಭ್ಯಾಸದಂತೆ ಕಣ್ಣು ಕಿರಿದು ಮಾಡಿದಳು. ಬಣ್ಣವನ್ನು ಬದಿಗಿಟ್ಟು ಆಳ ಹುಡುಕಿದಳು. ಆಳ ಸಿಗಲಿಲ್ಲ. ಎಲ್ಲ ಬಿಲ್ಲೆಗಳೂ ಒಂದೇ ಗಾಢ. ಪರೀಕ್ಷೆಗೆಂದು ಅವನ್ನು ಹಾಗೆಯೇ ಮಾಡಿರುತ್ತಾರೆ. ಅದು ಅವಳಿಗೆ ಗೊತ್ತಿರಲಿಲ್ಲ. ಇದು ಬಹಳ ಸೂಕ್ಷ್ಮವಾದ ಪರೀಕ್ಷೆ ಇರಬೇಕು ಎಂದುಕೊಂಡು, ಕೂದಲೆಳೆಯಷ್ಟು ಗಾಢ ಕಂಡದ್ದನ್ನು ಮುಂದಕ್ಕೂ ತಿಳಿ ಕಂಡದ್ದನ್ನು ಹಿಂದಕ್ಕೂ ಸರಿಸುತ್ತ ಹೋದಳು. ನಡುವೆ ಒಂದು ಬಿಲ್ಲೆ ಹಸಿರಾಗಿದೆಯಲ್ಲ ಎಂದು ಅನ್ನಿಸಿತು. ಬೆಳಕಿನ ಆಟ ಎಂದುಕೊಂಡು ಬಿಟ್ಟಳು. ನೀಲಿಯಿಂದ ನೇರಳೆಗೆ ಹೋಗುವ ಕೊನೆಯ ತಟ್ಟೆಯನ್ನೂ ಹಾಗೆಯೇ ಜೋಡಿಸಿದಳು.

ಮೇಡಂ ತಟ್ಟೆಗಳನ್ನು ತಿರುವಿ ಬಿಲ್ಲೆಗಳ ಬೆನ್ನಿನ ಸಂಖ್ಯೆ ನೋಡಿ ಗುಂಡಗಿನ ಒಂದು ನಕ್ಷೆಯಲ್ಲಿ ಚುಕ್ಕೆ ಹಾಕುತ್ತ ಬಂದರು. ಮೊದಲರ್ಧ ನುಣ್ಣಗೆ ಬಂತು. ಎರಡನೆಯ ಅರ್ಧದಲ್ಲಿ ಗೆರೆ ಗರಗಸದ ಹಲ್ಲಿನಂತೆ ಎದ್ದಿತು. ಅವರು ಪೆನ್ಸಿಲ್ ಕೆಳಗಿಟ್ಟರು.

ನೀಲಿಯ ಕಡೆ ಪೂರ್ತಿ ಹೋಗಿದೆ ಎಂದು ಅವರು ಮ್ಯಾನೇಜರಿಗೆ ಹೇಳಿದರು. ಹುಟ್ಟಿನಿಂದ ಬರುವ ದೋಷ ಸಾಮಾನ್ಯವಾಗಿ ಕೆಂಪು ಹಸಿರಿನದು. ನೀಲಿಯದು ಬಲು ಅಪರೂಪ. ಇಂಥ ನಕ್ಷೆಯನ್ನು ತಾವು ನೋಡಿರುವುದು ಹೆಚ್ಚಾಗಿ ವಯಸ್ಸಾದವರಲ್ಲಿ, ಕಣ್ಣಿಗೆ ಪೊರೆ ಬಂದವರಲ್ಲಿ. ಆಮೇಲೆ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ.

ಸಕ್ಕರೆ ಎಂಬ ಮಾತು ಕಿವಿಗೆ ಬಿದ್ದಾಗ ಅವಳು ತಟ್ಟೆಯನ್ನು ನೋಡುತ್ತಿದ್ದಳು. ಕಣ್ಣು ಕಿರಿದು ಮಾಡುವುದನ್ನು ಮರೆತಿದ್ದಳು. ಬಿಲ್ಲೆಗಳು ಎಷ್ಟು ಅಡ್ಡಾದಿಡ್ಡಿಯಾಗಿ ಕೂತಿದ್ದವೆಂದರೆ ಪುಟ್ಟ ಮಗುವಿಗೂ ಗೊತ್ತಾಗುವಂತಿತ್ತು. ಹಸಿರಿನ ನಡುವೆ ನೀಲಿ ಸಿಕ್ಕಿಕೊಂಡಿತ್ತು, ನೀಲಿಯ ನಡುವೆ ಹಸಿರು. ಅಪ್ಪ ತನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದ.

"ಏನಮ್ಮ, ಅಪ್ಪ ನಿನಗೆ ನೀಲಿ ಹೇಗೆ ನೋಡಬೇಕು ಅಂತ ಹೇಳಿಕೊಡಲಿಲ್ವಾ?" ಎಂದು ಕೇಳಿದರು ಮ್ಯಾನೇಜರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಸಂಕಟವಿತ್ತು. ಆಮೇಲೆ ಮೇಡಂ ಕಡೆ ತಿರುಗಿ, ಈಚೆಗೆ ಮಿಲ್ಲಿನ ಎರಡು ನೀಲಿ ಲಾಟುಗಳು ಗಿರಾಕಿಯಿಂದ ವಾಪಸು ಬಂದವೆಂದೂ, ಶೇಡ್ ರೂಮಿನಲ್ಲಿ ಎಲ್ಲಿ ತಪ್ಪಾಯಿತೆಂದು ತಾವಿನ್ನೂ ಹುಡುಕುತ್ತಲೇ ಇರುವುದಾಗಿಯೂ ಹೇಳಿದರು. ಆ ಎರಡು ಲಾಟುಗಳ ವಿಷಯ ಅವಳಿಗೆ ಗೊತ್ತಿತ್ತು. ಶಾಲೆಯ ಕೊನೆಯ ಪರೀಕ್ಷೆಗೆ ಓದಲೆಂದು ಅವಳು ಮನೆಯಲ್ಲೇ ಉಳಿದಿದ್ದ ವಾರಗಳಲ್ಲಿ ಹೋದ ಲಾಟುಗಳು ಅವು.

ಮೇಡಂ ಕೆದರಿದ ತಟ್ಟೆಯಿಂದ ಎರಡು ಬಿಲ್ಲೆ ಎತ್ತಿ ಅವಳ ಮುಂದಿಟ್ಟರು. ಗಾಬರಿಯಾಗಬೇಡ ಎಂದರು. ಪರೀಕ್ಷೆಗಳಲ್ಲಿ ಮಕ್ಕಳು ಹೆದರುತ್ತಾರೆ, ಅವಸರ ಮಾಡುತ್ತಾರೆ, ಏನೋ ತಪ್ಪು ತಿಳಿದುಕೊಂಡಿರುತ್ತಾರೆ. ಅಂಥದ್ದೇನಾದರೂ ಇದ್ದರೆ ಈಗಲೇ ಹೇಳಬೇಕು, ತಾವು ಬರೆದುಕೊಂಡ ಮೇಲೆ ತಿದ್ದಲು ಬರುವುದಿಲ್ಲ.

"ಇವೆರಡರಲ್ಲಿ ವ್ಯತ್ಯಾಸ ಕಾಣುತ್ತಾ ನಿನಗೆ?"

ಒಂದು ಹಸಿರು ಕಲೆತ ನೀಲಿ. ಇನ್ನೊಂದು ಅಪ್ಪಟ ನೀಲಿ. ಅವಳು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ನಾನು ಬಣ್ಣ ನೋಡಲಿಲ್ಲ, ಆಳ ನೋಡಿದೆ, ಅಪ್ಪ ಹಾಗೆ ಕಲಿಸಿದ್ದಾನೆ. ಆ ವಾಕ್ಯದಿಂದ ಅವಳಿಗೆ ಸೀಟು ಸಿಗುತ್ತಿತ್ತು. ಮ್ಯಾನೇಜರು ಬಣ್ಣ ಬಲ್ಲವರು. ಒಬ್ಬ ಬಣ್ಣದ ಮೇಸ್ತ್ರಿ ತನ್ನ ಮಗಳಿಗೆ ನೀಲಿಯಲ್ಲಿ ಬಣ್ಣ ನೋಡಬೇಡ ಎಂದು ಯಾಕೆ ಕಲಿಸುತ್ತಾನೆ ಎಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ಬೇರೆ ಮಾತೊಂದನ್ನು ಅವಳು ಹುಡುಕಿದಳು. ಸಿಗಲಿಲ್ಲ.

"ಇಲ್ಲ ಮೇಡಂ," ಎಂದಳು. "ಎರಡೂ ಒಂದೇ ಥರ ಕಾಣುತ್ತೆ."

ಮೇಡಂ ಬರೆದುಕೊಂಡರು.

ಮನೆಗೆ ಬಂದು ಅವಳು ನೀಲಿಯಲ್ಲಿ ಬಿದ್ದೆ ಎಂದಷ್ಟೇ ಹೇಳಿದಳು. ಅಮ್ಮ ಕಾಲೇಜಿನವರನ್ನು ಬೈದಳು, ಬಿಲ್ಲೆ ಮಾಡಿದವರನ್ನು ಬೈದಳು, ಕೊನೆಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಒಲೆಯ ಮುಂದೆ ಕೂತುಬಿಟ್ಟಳು. ಕೈಕಾಲು ತೊಳೆಯಲು ಹೋದ ಅಪ್ಪ ನಲ್ಲಿಯ ಬಳಿ ಬಹಳ ಹೊತ್ತು ಇದ್ದ.

ಮ್ಯಾನೇಜರು ಅಪ್ಪನನ್ನು ಕರೆಸಿ ಏನು ಹೇಳಿದರೆಂಬುದು ಅವಳಿಗೆ ತಿಳಿದದ್ದು ಉಗುರು ಮಾಮನಿಂದ, ಪೇಟೆಯಲ್ಲಿ ಅವನು ಎದುರಾದಾಗ. ಅವನ ಉಗುರು ಆ ದಿನ ಇಟ್ಟಿಗೆ ಕೆಂಪಾಗಿತ್ತು. ಹುಡುಗಿ ಶೇಡ್ ರೂಮಿನಲ್ಲಿ ಬಾಯಿ ಹಾಕುತ್ತಿದ್ದಳು, ನೀಲಿ ಲಾಟುಗಳು ಕೆಟ್ಟದ್ದು ಅದರಿಂದಲೇ ಇರಬೇಕು, ಇನ್ನು ಮೇಲೆ ಅವಳನ್ನು ಒಳಗೆ ಬಿಡಬೇಡಿ ಎಂದು ಮ್ಯಾನೇಜರು ಹೇಳಿದ್ದರಂತೆ. ತನ್ನ ಮೇಲೆ ಬರಬಹುದಾಗಿದ್ದ ದೂರು ತಪ್ಪಿದ್ದರಿಂದ ಮಾಮನಿಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಆದರೂ ಅವನ ಮನಸ್ಸು ಒಪ್ಪುತ್ತಿರಲಿಲ್ಲ.

"ಆ ವಾರಗಳಲ್ಲಿ ನೀನು ಮಿಲ್ಲಿನ ಕಡೆ ತಲೆಹಾಕಿಯೂ ಮಲಗಿರಲಿಲ್ಲ," ಎಂದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನಿಮ್ಮಪ್ಪನಿಗೆ ಗೊತ್ತಿಲ್ವಾ ಅದು?"

ಅಪ್ಪ ಏನಂದ ಎಂದು ಅವಳು ಕೇಳಿದಳು.

"ಏನೂ ಅನ್ನಲಿಲ್ಲ ಕಣೆ ಬೂದಿ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಂಬ ನಿಂತ ಹಾಗೆ ನಿಂತಿದ್ದ."

ಅವಳು ಸಮಾಜಶಾಸ್ತ್ರಕ್ಕೆ ಸೇರಿದಳು. ನೂರಾರು ಜನ ಕೂರುವ ದೊಡ್ಡ ಕೋಣೆ, ಹಿಂದಿನ ಸಾಲಿನಲ್ಲಿ ಮಲಗುವವರು, ಮುಂದಿನ ಸಾಲಿನಲ್ಲಿ ಬರೆದುಕೊಳ್ಳುವವರು. ಪಾಠ ಕೆಟ್ಟದ್ದೇನಲ್ಲ. ಕುಟುಂಬ ಎಂದರೇನು, ಅದರ ಕೆಲಸಗಳು ಯಾವುವು ಎಂದು ಹೇಳಿ ಬರೆಸುತ್ತಿದ್ದರು. ಅವಳು ಬರೆದುಕೊಳ್ಳುತ್ತಿದ್ದಳು. ಅವಳಿಗೆ ಗೊತ್ತಿದ್ದ ಯಾವುದೂ ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಅಲ್ಲಿ ಹೇಳಿಕೊಟ್ಟ ಯಾವುದಕ್ಕೂ ಅವಳ ಕಣ್ಣು ಬೇಕಾಗಿರಲಿಲ್ಲ.

ಕಾಲೇಜು ಶುರುವಾಗುವ ಮುಂಚೆ ಅಮ್ಮ ಅವಳನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಇನ್ನು ಬೂದು ಯಾಕೆ, ಬೇಕಾದ ಬಣ್ಣ ತೊಟ್ಟುಕೋ ಎಂದಳು. ಆಮೇಲೆ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ, ಅಂಗಡಿಯವನಿಗೆ ಕೇಳದ ಹಾಗೆ ಮೆಲ್ಲಗೆ, "ಇದು ನೀಲಿ ಕಣೆ. ಇದು ಹಸಿರು," ಎಂದು ಹೇಳತೊಡಗಿದಳು. ಕುರುಡರಿಗೆ ದಾರಿ ತೋರಿಸುವಷ್ಟು ಎಚ್ಚರಿಕೆ ಅವಳ ದನಿಯಲ್ಲಿತ್ತು. ಅಮ್ಮ ನೀಲಿ ಎಂದದ್ದು ನಿಜವಾಗಿ ನೇರಳೆಯ ಕಡೆ ವಾಲಿದ ಬಣ್ಣ. ಮಗಳು ತಲೆಯಾಡಿಸಿ ಅದನ್ನೇ ತೆಗೆದುಕೊಂಡಳು.

ಬಣ್ಣದ ವಿಭಾಗ ಅದೇ ಕಾಲೇಜಿನ ಹಿಂಭಾಗದಲ್ಲಿತ್ತು. ಒಂದು ಬಿಡುವಿನಲ್ಲಿ ಅವಳು ಅಲ್ಲಿಗೆ ಹೋಗಿ ಗುಮಾಸ್ತನ ಹತ್ತಿರ, ತನ್ನ ಗೆಳತಿಯೊಬ್ಬಳ ಪರವಾಗಿ ಎಂಬಂತೆ, ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂರಬಹುದೇ ಎಂದು ಕೇಳಿದಳು. ಬಿದ್ದವರ ಹೆಸರು ಬಿದ್ದವರ ಪಟ್ಟಿಯಲ್ಲೇ ಇರುತ್ತದೆ ಎಂದ ಅವನು. ಮಿಲ್ಲಿನ ಕಡೆಯ ಸೀಟಿಗೆ ಪ್ಯಾಕಿಂಗಿನವರೊಬ್ಬರ ಮಗ ಬಂದಿದ್ದಾನೆ, ಚುರುಕು ಹುಡುಗ ಎಂದೂ ಹೇಳಿದ. ಬಾಗಿಲಿನ ಗಾಜಿನಲ್ಲಿ ಬೂದು ಕೋಟುಗಳು ಓಡಾಡುತ್ತಿದ್ದವು. ಅವಳ ಮೈಮೇಲೆ ಅಮ್ಮ ಕೊಡಿಸಿದ ಬಟ್ಟೆಯಿತ್ತು. ಆ ಬಟ್ಟೆಯಲ್ಲಿ ಒಳಗೆ ಬಿಡುತ್ತಲೂ ಇರಲಿಲ್ಲ.

ಅವಳು ಸುಮ್ಮನಿದ್ದದ್ದರಿಂದ ಅಪ್ಪನಿಗೆ ಸಿಕ್ಕಿದ್ದು ಒಂದು ಮಳೆಗಾಲದಷ್ಟು ಕಾಲ. ಅಲ್ಲಿಯವರೆಗೆ ಲಾಟುಗಳು ಕಂದು, ಕೆಂಪು, ಕಪ್ಪು. ಆಮೇಲೆ ಒಂದು ಆಸ್ಪತ್ರೆಯ ಪರದೆಗಳಿಗೆಂದು ನೀಲಿಯ ದೊಡ್ಡ ಲಾಟು ಬಂತು. ಅಪ್ಪ ಅದರ ಮುಂದೆ ಮಧ್ಯಾಹ್ನವಿಡೀ ಕೂತಿದ್ದನಂತೆ. ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಹೌದು ಎಂದ. ಲಾಟು ಹೋಯಿತು, ವಾಪಸು ಬಂತು. ಅರ್ಧ ಪರದೆ ಒಂದು ಬಣ್ಣ, ಇನ್ನರ್ಧ ಇನ್ನೊಂದು.

ಅಷ್ಟರಲ್ಲಿ ಮಿಲ್ಲಿಗೆ ಮರದ ತಟ್ಟೆಗಳ ಒಂದು ಪೆಟ್ಟಿಗೆ ಬಂದಿತ್ತು. ತರಿಸಿದವರು ಮ್ಯಾನೇಜರು. ಎಲ್ಲರೂ ಹೊಗಳುತ್ತಿದ್ದ ಕಣ್ಣಿನ ಹುಡುಗಿಯೊಬ್ಬಳ ದೋಷವನ್ನು ಆ ಬಿಲ್ಲೆಗಳು ನೋಡನೋಡುತ್ತಲೇ ಹೊರಗೆಳೆದದ್ದನ್ನು ಅವರು ಕಂಡಿದ್ದರು. ಇನ್ನು ಮೇಲೆ ಬಣ್ಣ ನೋಡುವ ಪ್ರತಿಯೊಬ್ಬರಿಗೂ ಪರೀಕ್ಷೆಯಾಗಲಿ ಎಂದು ಅವತ್ತೇ ನಿಶ್ಚಯಿಸಿದ್ದರು. ಅವಳು ಬಾಯಿ ಬಿಟ್ಟಿದ್ದರೆ ಅಪ್ಪ ಒಬ್ಬನೇ ಸಿಕ್ಕಿಬೀಳುತ್ತಿದ್ದ. ಬಿಡಲಿಲ್ಲ, ಈಗಲೂ ಸಿಕ್ಕಿಬಿದ್ದ.

ಅಪ್ಪನ ನಕ್ಷೆಯನ್ನು ಕಾಲೇಜಿನಲ್ಲಿದ್ದ ಮಗಳ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರಂತೆ. ಗರಗಸದ ಹಲ್ಲು ಎರಡರಲ್ಲೂ ಅದೇ ಜಾಗದಲ್ಲಿ. ವಂಶದಿಂದ ಬಂದದ್ದು, ಪಾಪ, ಇಬ್ಬರದೂ ತಪ್ಪಲ್ಲ ಎಂದರು ಮ್ಯಾನೇಜರು. ಕೆಟ್ಟ ಮನುಷ್ಯರಲ್ಲ ಅವರು. ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಹಿಂದಿನ ಗೋದಾಮಿಗೆ ಹಾಕಿದರು. ಬಣ್ಣ ಹಾಕುವ ಮುಂಚಿನ ಬಿಳಿ ಬಟ್ಟೆಯ ಥಾನುಗಳನ್ನು ಅಲ್ಲಿ ಅಟ್ಟಿ ಕಟ್ಟಿ ಇಡುತ್ತಾರೆ. ಕಣ್ಣಿನ ಡಾಕ್ಟರು ಮಾತ್ರ ಬೇರೆ ಮಾತು ಹೇಳಿದರು. ಇದು ಹುಟ್ಟಿನದಲ್ಲ, ಸಕ್ಕರೆ ಕಾಯಿಲೆ ಒಳಗಿನಿಂದ ತಿಂದದ್ದು. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ. ಅಪ್ಪ ಆ ಮಾತನ್ನು ಮನೆಗೆ ತಂದನೇ ಹೊರತು ಮಿಲ್ಲಿಗೆ ಒಯ್ಯಲಿಲ್ಲ.

ಗೋದಾಮಿಗೆ ಹೋದ ಮೊದಲ ವಾರದ ಒಂದು ಸಂಜೆ ಅಪ್ಪ ಬೇಗ ಮನೆಗೆ ಬಂದ. ಅಮ್ಮ ಅಂಗಡಿಗೆ ಹೋಗಿದ್ದಳು. ಮಗಳು ಕಿಟಕಿಯ ಪಕ್ಕದ ಮೇಜಿನಲ್ಲಿ ಓದುತ್ತಿದ್ದಳು. ಅವನು ಎದುರಿಗೆ ಕೂತ. ಬಹಳ ವರ್ಷಗಳ ನಂತರ ಬೂದು ಬಿಟ್ಟು ಬೇರೆ ಬಣ್ಣದ ಅಂಗಿ ತೊಟ್ಟಿದ್ದ. ಅದರ ಮೇಲೆಲ್ಲ ಹತ್ತಿಯ ನಾರು.

"ಒಂದು ಕೇಳ್ತೀನಿ, ನಿಜ ಹೇಳು," ಎಂದ. "ಅವತ್ತು ಕಾಲೇಜಲ್ಲಿ ನೀನು ಬಣ್ಣ ನೋಡಿದೆಯಾ, ಆಳ ನೋಡಿದೆಯಾ?"

ಅವನು ಲೆಕ್ಕ ಹಾಕಿಕೊಂಡೇ ಬಂದಿದ್ದ. ಡಾಕ್ಟರು ಹುಟ್ಟಿನದಲ್ಲ ಎಂದ ಮೇಲೆ ಅವಳಿಗೆ ಅದು ಹೇಗೆ ಬಂತು ಎಂಬುದು ಅವನ ತಲೆ ಕೊರೆಯುತ್ತಿತ್ತು. ಉತ್ತರಗಳಿದ್ದದ್ದು ಎರಡೇ. ಡಾಕ್ಟರ ಮಾತು ತಪ್ಪು, ಇವಳಿಗೂ ಹುಟ್ಟಿನಿಂದಲೇ ಬಂದಿದೆ. ಇಲ್ಲವೇ, ಇವಳ ಕಣ್ಣು ನೆಟ್ಟಗಿತ್ತು, ಕೆಡಿಸಿದವನು ತಾನು. ತನಗಾಗಿಯೇ ಇವಳು ಬಾಯಿ ಮುಚ್ಚಿ ಬಂದಿದ್ದಾಳೆ.

ಅವಳಿಗೂ ಆ ಎರಡೂ ಕಂಡವು. ಎರಡರಲ್ಲಿ ಯಾವುದು ಅವನಿಗೆ ಕಡಿಮೆ ಭಾರ ಎಂದು ಯೋಚಿಸಿದಳು.

"ಬಣ್ಣಾನೇ ನೋಡಿದೆ ಅಪ್ಪ. ಕಾಣಲಿಲ್ಲ."

ಅಪ್ಪ ಜೇಬಿಗೆ ಕೈಹಾಕಿ ಎರಡು ನೂಲಿನ ಎಳೆ ತೆಗೆದ. ಒಂದರ ತುದಿಗೆ ಗಂಟಿತ್ತು. ಶೇಡ್ ರೂಮಿಗೆ ಹೊಸದಾಗಿ ಬಂದವನ ಹತ್ತಿರ ಕೇಳಿ ತಂದಿದ್ದ. ಹಸಿರಿಗೆ ವಾಲಿದ ನೀಲಿಗೆ ಒಂದು ಗಂಟು ಹಾಕಿಕೊಡು, ನನಗೆ ಗುರುತಿಗೆ ಎಂದು. ಈಗ ಎರಡರ ತುದಿಯನ್ನೂ ಬೆರಳ ಕೆಳಗೆ ಮುಚ್ಚಿ ಮೇಜಿನ ಮೇಲೆ ಅವಳ ಮುಂದಿಟ್ಟ. ಕಿಟಕಿಯಲ್ಲಿ ಬೆಳಕು ಇನ್ನೂ ಚೆನ್ನಾಗಿತ್ತು.

"ಯಾವುದು ಹಸಿರಿಗೆ ವಾಲಿದೆ?"

ಅವಳು ನೋಡಿದಳು. ಕಲಿಸಿದ ಕ್ರಮದಲ್ಲೇ ಒಂದು ಕ್ಷಣ ಗೋಡೆಯ ಕಡೆ ತಿರುಗಿ ಕಣ್ಣು ತೊಳೆದುಕೊಂಡು ಮತ್ತೆ ನೋಡಿದಳು.

"ಎರಡೂ ಒಂದೇ ಅಲ್ವಾ ಅಪ್ಪ?"

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಎಳೆಗಳ ಮೇಲೆ ಬಾಗಿ ಅವನ್ನು ನೋಡಿದ. ಬೆರಳು ತೆಗೆದ. ಗಂಟು ಹೊರಗೆ ಬಂತು.

"ನನಗೂ ಹಾಗೇ ಕಾಣುತ್ತೆ," ಎಂದ. ಗಂಟನ್ನು ಬೆರಳಿಂದ ಸವರಿ, "ಹಾಳು ಕಣ್ಣನ್ನೇ ಕೊಟ್ಟುಬಿಟ್ಟೆ ನಿನಗೆ. ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ನನ್ನ ಕಣ್ಣೇ ಬಂದಿದೆ ಅಂತ."

ಕಡಿಮೆ ಭಾರವೆಂದು ಅವಳು ಎತ್ತಿ ಕೊಟ್ಟದ್ದು ಕಡಿಮೆಯೇನೂ ಇರಲಿಲ್ಲ. ಅಪ್ಪ ಕೂತಲ್ಲೇ ಕುಗ್ಗಿದ. ಅಳಲಿಲ್ಲ. ಗೋದಾಮಿನ ನಾರನ್ನು ಅಂಗಿಯಿಂದ ಒಂದೊಂದಾಗಿ ಹೆಕ್ಕತೊಡಗಿದ. ಬಾಯಿಗೆ ಬಂದ ಮಾತನ್ನು ಅವಳು ಮತ್ತೊಮ್ಮೆ ನುಂಗಿದಳು. ಅದನ್ನು ಈಗ ಹೇಳಿದರೆ ಇನ್ನೊಂದು ಭಾರ ಇದರ ಮೇಲೆ ಬೀಳುತ್ತಿತ್ತೇ ಹೊರತು ಇದು ಇಳಿಯುತ್ತಿರಲಿಲ್ಲ. ಅವಳು ಪುಸ್ತಕದ ಪುಟ ತಿರುವಿದಳು.

ಅಮ್ಮ ಬಂದ ಸದ್ದಾದಾಗ ಅಪ್ಪ ಎದ್ದು ಒಳಗೆ ಹೋದ. ಎಳೆಗಳು ಮೇಜಿನ ಮೇಲೆಯೇ ಉಳಿದವು. ಎಡಗಡೆಯದು ಹಸಿರಿಗೆ ವಾಲಿತ್ತು. ಕಿಟಕಿಯಲ್ಲಿ ಬೆಳಕು ಪೂರ್ತಿ ಹೋಗುವವರೆಗೂ ಅದು ಹಾಗೆಯೇ ಕಾಣುತ್ತಿತ್ತು.